ದನಿ ಅಪ್ಪನದೇ, ಮಾತು ಅವರದ್ದಾ?

ಪ್ರಶ್ನೆ: ನಾವು ಮುಂಬಯಿ ಪಕ್ಕದ ಡೊಂಬಿವಲಿಯವರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ವಾಟ್ಸಾಪಿನಲ್ಲಿ ಒಂದು ಆಡಿಯೊ ಕಳಿಸಿದ. 'ಫ್ಲ್ಯಾಟು ದೊಡ್ಡವನಿಗೇ ಇರಲಿ' ಅಂತಾರೆ ಅಪ್ಪ. ದನಿ ಅವರದೇ. ಆದರೆ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ ಅಪ್ಪ ಇದರಲ್ಲಿ ಒಮ್ಮೆಯೂ ಕೆಮ್ಮಿಲ್ಲ. 'ಎಐಯಲ್ಲಿ ಮಾಡಿದ್ದು ಅಂತ ಕೋರ್ಟಿನಲ್ಲಿ ಹೇಳಿಬಿಡು' ಅನ್ನುತ್ತಾರೆ ಭಾವ. ಅಮ್ಮ ಅಣ್ಣನ ಮನೆಯಲ್ಲಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಸ್ವಲ್ಪ ನಿರಾಳವಾಗಿ. ಆಡಿಯೊ ನಿಜವೇ ಆಗಿದ್ದರೂ ಅದು ಉಯಿಲು ಆಗುವುದಿಲ್ಲ. ಉಯಿಲು ಬರಹದಲ್ಲಿರಬೇಕು, ಸಹಿ ಬೇಕು, ಇಬ್ಬರು ಸಾಕ್ಷಿಗಳು ಬೇಕು. ಫ್ಲ್ಯಾಟು ಅಪ್ಪನ ಸ್ವಂತ ದುಡಿಮೆಯದಾಗಿದ್ದು ಉಯಿಲಿಲ್ಲದಿದ್ದರೆ, ಹಿಂದೂ ವಾರಸು ಕಾನೂನಿನಲ್ಲಿ ಅಮ್ಮನಿಗೂ ಮಕ್ಕಳಿಗೂ ಸಮಪಾಲು. ನಿಮ್ಮ ಅಕ್ಕನಿಗೂ. ಭಾವನ ಸಲಹೆ ಕೇಳುವಾಗ ಇದು ನೆನಪಿರಲಿ.

ಕೇಸಾದರೆ ಅಣ್ಣ ಅದನ್ನು ಸಾಕ್ಷಿಯಾಗಿ ತರಬಹುದು. ಆಗ 'ಎಐ' ಅಂದುಬಿಡಬೇಡಿ. ನಿಮಗಿರುವುದು ಅನುಮಾನ ಮಾತ್ರ. ಕೆಮ್ಮಿಲ್ಲ ಅನ್ನುವುದು ಪುರಾವೆಯಲ್ಲ. ಎಲ್ಲರೂ ಹೀಗೆ ಹೇಳತೊಡಗಿದರೆ, ಗಂಡನ ಬೆದರಿಕೆಯನ್ನು ಫೋನಿನಲ್ಲಿ ಹಿಡಿದಿಟ್ಟ ಹೆಣ್ಣುಮಗಳ ನಿಜವಾದ ರೆಕಾರ್ಡಿಂಗನ್ನೂ ಯಾರೂ ನಂಬುವುದಿಲ್ಲ. ನನಗೆ ಜಾಸ್ತಿ ಭಯ ಇರುವುದು ಅದರ ಬಗ್ಗೆ.

'ಅನುಮಾನವಿದೆ, ಪರೀಕ್ಷೆ ಮಾಡಿಸಿ' ಅನ್ನಿ. ದನಿ ಯಾರದ್ದು ಅಂತ ಗುರುತಾಗಬೇಕು, ತಿದ್ದಿಲ್ಲ ಅನ್ನುವುದು ಖಾತ್ರಿಯಾಗಬೇಕು ಅಂತ ಸುಪ್ರೀಂ ಕೋರ್ಟು ಕ್ಯಾಸೆಟ್ ಕಾಲದಲ್ಲೇ, 1985ರಲ್ಲೇ ಹೇಳಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಫೈಲಿನ ಜೊತೆ ಸರ್ಟಿಫಿಕೇಟು ಕೊಡಬೇಕು, ಅದರಲ್ಲಿ ಹ್ಯಾಶ್ ನಂಬರೂ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯೂ, ಇರಬೇಕು. ಆದರೆ ಹ್ಯಾಶ್ ಹೇಳುವುದು ಆಮೇಲೆ ಫೈಲು ಬದಲಾಗಿಲ್ಲ ಅಂತ ಅಷ್ಟೇ. ಹುಟ್ಟುವಾಗಲೇ ಸುಳ್ಳಾಗಿದ್ದ ಫೈಲಿಗೂ ಸರಿಯಾದ ಹ್ಯಾಶ್ ಸಿಗುತ್ತದೆ, ಅಲ್ವಾ? ಹಾಗಾಗಿ ಕೋರ್ಟು ಕಾಗದ ನೋಡಿ ಸುಮ್ಮನಾಗಬಾರದು. ರೆಕಾರ್ಡ್ ಮಾಡಿದ ಫೋನನ್ನೇ ತರಿಸಬೇಕು. ಯಾವತ್ತು, ಎಲ್ಲಿ, ಯಾರೆದುರು ಆಡಿದ ಮಾತು ಅಂತ ತಂದವರನ್ನೇ ಕಟಕಟೆಯಲ್ಲಿ ನಿಲ್ಲಿಸಿ ಕೇಳಬೇಕು.

ಬದುಕಿದ್ದವರಾದರೆ ದನಿಯ ಮಾದರಿ ತೆಗೆಯಬಹುದಿತ್ತು. ಈಗ ಹೋಲಿಸಿ ನೋಡಲು ಅಪ್ಪನ ಹಳೆಯ ವಾಯ್ಸ್ ಮೆಸೇಜು, ಮನೆಯ ಮದುವೆ ವಿಡಿಯೊಗಳೇ ಗತಿ. ಒಂದನ್ನೂ ಅಳಿಸಬೇಡಿ. ಅಣ್ಣ ಕಳಿಸಿದ ಮೆಸೇಜೂ ಹಾಗೇ ಇರಲಿ.

ಆದರೆ ನಿಮ್ಮೂರ ಪಕ್ಕದ ಕಲ್ಯಾಣದ ಕೋರ್ಟಿಗೆ ಹೋಗುವ ಮುಂಚೆ ಅಣ್ಣನ ಮನೆಗೆ ಹೋಗಿ. ಅಮ್ಮನ ಎದುರೇ, ದನಿ ಏರಿಸದೆ ಕೇಳಿ: 'ಅಣ್ಣಾ, ಇದನ್ನು ರೆಕಾರ್ಡ್ ಮಾಡಿದ ಫೋನು ತಾ, ಕೂತು ಕೇಳೋಣ.' ಕಳ್ಳ ಅನ್ನದೆಯೂ ಇದನ್ನು ಕೇಳಬಹುದು. ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕೊಡದಿದ್ದರೆ, ಅದೇ ಫೋನನ್ನು ಕೋರ್ಟಿನ ಮೂಲಕ ತರಿಸಲು ವಕೀಲರಿಗೆ ಹೇಳಿ.