ರಾಜಕೀಯ ಕಾರ್ಟೂನುಗಳನ್ನು ಇತಿಹಾಸದ ಆಧಾರ ಅಂತ ತೆಗೆದುಕೊಳ್ಳಬಹುದೇ?

ಪ್ಲಸ್ ಟು ಇತಿಹಾಸದ ಪ್ರಾಜೆಕ್ಟಿಗೆ ಹಳೆಯ ಕಾರ್ಟೂನು ಸೇರಿಸಿದ್ದೀರಿ, ‘ಅದರಲ್ಲಿರುವುದೆಲ್ಲ ಉತ್ಪ್ರೇಕ್ಷೆ, ಆಧಾರ ಹೇಗಾಗುತ್ತದೆ’ ಅಂತ ಗೆಳೆಯರು ವಾದಿಸುತ್ತಿದ್ದಾರೆ ಅಂತ ಕೇಳಿದ್ದೀರಿ. ಕಾಸರಗೋಡಿನ ಬದಿಯಡ್ಕ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಬಹಳ ಕಾಲ ಇತಿಹಾಸ ಕಲಿಸಿದವನು ನಾನು. ಈ ಪ್ರಶ್ನೆ ನನಗೆ ತುಂಬಾ ಇಷ್ಟ.

ಖಂಡಿತ ಆಧಾರ ಆಗುತ್ತದೆ. ಆದರೆ ಯಾವುದಕ್ಕೆ ಆಧಾರ ಅಂತ ಮೊದಲು ತೀರ್ಮಾನಿಸಿಕೊಳ್ಳಿ. ಘಟನೆ ಹೇಗೆ ನಡೆಯಿತು ಅಂತ ತಿಳಿಯಲು ಕಡತ, ವರದಿ ನೋಡಬೇಕು. ಆಗ ಓದುಗರಿಗೆ ಏನು ಗೊತ್ತಿತ್ತು, ಯಾರ ಮೇಲೆ ಸಿಟ್ಟಿತ್ತು, ಯಾವ ಮಾತನ್ನು ಅಚ್ಚು ಹಾಕಬಹುದಿತ್ತು ಅಂತ ತಿಳಿಯಲು ಕಾರ್ಟೂನು ಬಹಳ ಒಳ್ಳೆಯದು.

ನಮ್ಮ ಕಡೆ ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಪ್ರಸಂಗದ ನಡುವೆ ಊರಿನ ಸುದ್ದಿಯೊಂದನ್ನು ತೂರಿಸುತ್ತಾನೆ ಅಲ್ವಾ? ಊರವರು ಬಿದ್ದು ಬಿದ್ದು ನಗುತ್ತಾರೆ, ನೆಂಟರ ಮನೆಗೆ ಬಂದವನಿಗೆ ಏನೂ ಅರ್ಥವಾಗುವುದಿಲ್ಲ. ಹಳೆಯ ಕಾರ್ಟೂನಿನ ಮುಂದೆ ನಾವೂ ಹಾಗೆಯೇ. ಚಿತ್ರಕಾರ ಏನನ್ನು ವಿವರಿಸದೆ ಬಿಟ್ಟಿದ್ದಾನೆ ಅಂತ ಗಮನಿಸಿ. ಹೆಸರು ಬರೆಯದೆ ಮುಖ ಮಾತ್ರ ಬಿಡಿಸಿದ್ದರೆ, ಅಂದಿನ ಓದುಗರಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು ಅಂತಲೇ ಲೆಕ್ಕ.

ಕೇರಳದ ಕಾಯಂಕುಳಂನಲ್ಲಿ ಹುಟ್ಟಿದ ಕಾರ್ಟೂನುಕಾರ ಶಂಕರ್ 1949ರಲ್ಲಿ ತಮ್ಮ ‘ಶಂಕರ್ಸ್ ವೀಕ್ಲಿ’ ಪತ್ರಿಕೆಗೆ ಬಿಡಿಸಿದ ಚಿತ್ರ ನೋಡಿ. ಸಂವಿಧಾನ ಅನ್ನುವ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕುಳಿತಿದ್ದಾರೆ, ಹಿಂದೆ ನೆಹರೂ ಚಾವಟಿ ಎತ್ತಿದ್ದಾರೆ. ಸಂವಿಧಾನ ಸಭೆ ಸೇರಿದ್ದು 1946ರ ಡಿಸೆಂಬರಿನಲ್ಲಿ, ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರಿನಲ್ಲಿ. ಇಷ್ಟು ತಡ ಯಾಕೆ ಅನ್ನುವ ಅಂದಿನ ಅಸಹನೆ ಆ ಚಿತ್ರದಲ್ಲಿದೆ. ಎನ್‌ಸಿಇಆರ್‌ಟಿಯ 11ನೇ ತರಗತಿ ಪುಸ್ತಕದಲ್ಲಿದ್ದ ಅದೇ ಚಿತ್ರಕ್ಕೆ 2012ರಲ್ಲಿ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು. ಅಂಬೇಡ್ಕರರ ಹಿಂದೆ ಚಾವಟಿ ಕಂಡಾಗ ಅನೇಕರಿಗೆ ನೆನಪಾದದ್ದು ಜಾತಿಯ ಹಿಂಸೆ. ‘ಕಾರ್ಟೂನು ಅರ್ಥವಾಗದವರ ಗಲಾಟೆ’ ಅಂತ ಕೆಲವರು ಇದನ್ನು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. 1949ರಲ್ಲಿ ದೆಹಲಿಯ ಇಂಗ್ಲಿಷ್ ವಾರಪತ್ರಿಕೆ ಕೊಂಡು ಓದುತ್ತಿದ್ದವರು ಯಾರು? ಅವರಿಗೆ ಆ ಚಾವಟಿ ಯಾಕೆ ಚುಚ್ಚಲಿಲ್ಲ? ಈ ಪ್ರಶ್ನೆ ಹುಟ್ಟಿದ್ದೇ 2012ರ ಓದಿನಿಂದ. ನಿಮ್ಮ ಪ್ರಾಜೆಕ್ಟಿನಲ್ಲಿ ಎರಡೂ ಓದು ಇರಲಿ.

ತುರ್ತು ಪರಿಸ್ಥಿತಿಯ ಕಾಲದ್ದೂ ಒಂದು ಸೇರಿಸಿ. 1975ರ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬಿಡಿಸಿದ ಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲೇ ಕುಳಿತು ಸುಗ್ರೀವಾಜ್ಞೆಗೆ ಸಹಿ ಹಾಕುತ್ತಿದ್ದಾರೆ. ಸೆನ್ಸಾರ್ ಇದ್ದಾಗಲೂ ಇದು ಅಚ್ಚಾಯಿತು. ಆದರೆ ‘ಶಂಕರ್ಸ್ ವೀಕ್ಲಿ’ ಅದೇ ವರ್ಷ ನಿಂತುಹೋಯಿತು. ಬರದೇ ಹೋದ ಕಾರ್ಟೂನುಗಳ ಬಗ್ಗೆಯೂ ಇತಿಹಾಸದ ವಿದ್ಯಾರ್ಥಿ ಯೋಚಿಸಬೇಕು.

ಕಾಸರಗೋಡಿನವರಾದ ನಮಗೆ ದೊಡ್ಡ ಅನುಕೂಲವೊಂದಿದೆ. ಕನ್ನಡ, ಮಲಯಾಳ ಎರಡೂ ಓದಲು ಬರುವವರು ಇಲ್ಲಿ ಜಾಸ್ತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿತು, ಅದು ಜಾರಿಯಾಗಲಿಲ್ಲ. ಈ ಎರಡು ಸಂದರ್ಭಗಳ ಕನ್ನಡ ಮತ್ತು ಮಲಯಾಳ ಪತ್ರಿಕೆಗಳನ್ನು ಹಳೆಯ ಲೈಬ್ರರಿಗಳಲ್ಲಿ ಹುಡುಕಿ, ಒಂದೇ ವಾರದ್ದನ್ನು ಪಕ್ಕ ಪಕ್ಕ ಇಟ್ಟು ನೋಡಿ. ಯಾರನ್ನು ದೊಡ್ಡದಾಗಿ ಬಿಡಿಸಿದ್ದಾರೆ, ಯಾರು ಚಿತ್ರದಲ್ಲೇ ಇಲ್ಲ ಅಂತ ಬರೆದಿಟ್ಟುಕೊಳ್ಳಿ.

ಫೋಟೋ ತೆಗೆಯುವಾಗ ಸುಮ್ನೆ ಕಾರ್ಟೂನನ್ನು ಮಾತ್ರ ತೆಗೆಯಬೇಡಿ. ತಾರೀಕು ಕಾಣುವ ಹಾಗೆ ಇಡೀ ಪುಟ ತೆಗೆಯಿರಿ. ಚಿತ್ರ ಯಾವ ಸುದ್ದಿಗೆ ಉತ್ತರ ಅನ್ನುವುದು ಎಷ್ಟೋ ಸಲ ಪಕ್ಕದ ಕಾಲಮ್ಮಿನಲ್ಲೇ ಸಿಗುತ್ತದೆ.