ಕಾವೇರಿಯಲ್ಲಿ ಕಯಾಕ್ ಓಡಿಸುವಾಗ ತೊಂದರೆ ಆದ್ರೆ ಗುರುತಿಲ್ಲದವರು ಸಹಾಯಕ್ಕೆ ಬರ್ತಾರಾ?

ಬೆಂಗಳೂರಿಂದ ಕೊಡಗಿನ ಸಿದ್ದಾಪುರಕ್ಕೆ ಬಂದು ನೆಲೆಸಿದ್ದೀನಿ, ಒಂದು ಕಯಾಕ್ ತಗೊಂಡಿದ್ದೀನಿ, ಇಲ್ಲಿ ಯಾರ ಪರಿಚಯಾನೂ ಇಲ್ಲ, ನೀರಲ್ಲಿ ಏನಾದ್ರೂ ಆದ್ರೆ ಬೇರೆ ದೋಣಿಯವರನ್ನ ಕೇಳೋಕೆ ಸಂಕೋಚ ಅಂತ ಬರ್ದಿದ್ದೀರಿ. ಬರ್ತಾರೆ, ಖಂಡಿತ ಬರ್ತಾರೆ, ಅದರ ಬಗ್ಗೆ ಅನುಮಾನ ಬೇಡ. ನನಗೆ ಹೆದರಿಕೆ ಆಗಿದ್ದು ನಿಮ್ಮ ಆ ಸಂಕೋಚ ಅನ್ನೋ ಮಾತು ಓದಿ. ನಾನು ಕುಶಾಲನಗರದವನು, ಒಂಬತ್ತು ವರ್ಷದಿಂದ ಹುಟ್ಟು ಹಾಕ್ತಿದ್ದೀನಿ, ಮೊದಲನೇ ವರ್ಷಾನೇ ಅದೇ ಸಂಕೋಚ ನನ್ನನ್ನ ಮುಳುಗಿಸಿಬಿಡ್ತಿತ್ತು.

ತುಲಾ ಸಂಕ್ರಮಣ ಮುಗಿದು ಒಂದು ವಾರ ಆಗಿತ್ತು. ನಮ್ಮೂರಲ್ಲಿ ಚೆನ್ನಾಗಿ ಬಿಸಿಲು, ಆದ್ರೆ ಭಾಗಮಂಡಲ, ನಾಪೋಕ್ಲು ಕಡೆ ಮೂರು ದಿನದಿಂದ ಮಳೆ. ಇದು ಇಲ್ಲಿ ಹೊಸಬರಿಗೆ ಗೊತ್ತಾಗಲ್ಲ, ಕುಶಾಲನಗರದಲ್ಲಿ ಹನಿ ಬೀಳದೇ ಇದ್ರೂ ಮೇಲಿನ ಮಳೆಗೆ ಹೊಳೆ ಏರುತ್ತೆ, ನೀರಿನ ಬಣ್ಣ ಕೆಂಪಾಗಿದ್ರೆ ಅದೇ ಗುರುತು. ನಾನು ಆ ಕೆಂಪು ನೋಡಿಯೂ ದುಬಾರೆಯಿಂದ ಕೆಳಗೆ ಒಬ್ಬನೇ ಹೊರಟೆ. ಬಲೆ ನೋಡ್ತಿದ್ದ ಒಬ್ಬ ವಯಸ್ಸಾದವರು ತೆಪ್ಪದಿಂದಲೇ ಕೂಗಿ ‘ಒಬ್ರೇನಾ ಸಾರ್? ಮುಂದೆ ತಿರುವಲ್ಲಿ ಎಡಕ್ಕೆ ಹೋಗ್ಬೇಡಿ, ಮರ ಬಿದ್ದಿದೆ’ ಅಂದ್ರು. ಗೊತ್ತಿರೋನ ಥರ ತಲೆ ಆಡಿಸಿದೆ. ಸ್ವಲ್ಪ ಮುಂದೆ ಇಬ್ಬರು ಹುಡುಗರು ಎರಡು ಕಯಾಕಲ್ಲಿ ಸಿಕ್ಕಿದ್ರು, ‘ಅಣ್ಣಾ, ನಮ್ ಜೊತೆ ಬರ್ತೀರಾ’ ಅಂತ ಕೇಳಿದ್ರು, ಬೇಡ ನೀವು ಹೋಗಿ ಅಂದೆ. ಅವರಿಗೆ ತೊಂದರೆ ಕೊಡೋದು ಯಾಕೆ ಅಂತ ಇತ್ತು, ನನಗೆ ಬರಲ್ಲ ಅಂತ ಗೊತ್ತಾಗಿಬಿಡುತ್ತಲ್ಲ ಅಂತಾನೂ ಇತ್ತು.

ತಿರುವಲ್ಲಿ ಸೆಳವು ಎಡಕ್ಕೇ ಎಳೀತು. ಬಿದಿರು ಮೆಳೆ ಪಕ್ಕದಲ್ಲಿ ಮರ ಅಡ್ಡ ಬಿದ್ದಿತ್ತು, ಕೊಂಬೆಗಳ ಮಧ್ಯೆ ನೀರು ನುಗ್ಗಿ ಹೋಗುತ್ತೆ, ಮನುಷ್ಯ ಹೋಗಕ್ಕಾಗಲ್ಲ, ಹೊಳೇಲಿ ಬಂಡೆಗಿಂತ ಇದೇ ಅಪಾಯ. ದೋಣಿ ಅಡ್ಡಡ್ಡ ಹೋಗಿ ತಗಲ್ಕೊಳ್ತು. ಅಂಥ ಹೊತ್ತಲ್ಲಿ ಮರದ ಕಡೆಗೇ ವಾಲಬೇಕು, ಅಪ್ಕೋಬೇಕು, ಆಗ ನೀರು ದೋಣಿ ಅಡಿಯಿಂದ ಹೋಗುತ್ತೆ. ಹೆದರಿದವನು ಮರದಿಂದ ದೂರ ವಾಲ್ತಾನೆ, ನಾನೂ ಅದನ್ನೇ ಮಾಡಿದೆ, ಆ ಕಡೆ ಅಂಚಿನ ಮೇಲೆ ನೀರು ಹತ್ತಿ ದೋಣಿ ಮಗುಚಿ ಹೋಯ್ತು. ಒಂದು ಕಾಲು ಕೊಂಬೆಗೆ ಸಿಕ್ಕಿತ್ತು. ಹೇಗೋ ತಲೆ ಮೇಲೆ ಎತ್ತಿ ಒಂದು ರೆಂಬೆ ಹಿಡ್ಕೊಂಡೆ.

ಲೈಫ್ ಜಾಕೆಟ್ಟಿಗೆ ಸೀಟಿ ಕಟ್ಟಿತ್ತು. ಊದಲಿಲ್ಲ. ಆ ಸ್ಥಿತೀಲೂ ಇನ್ನೊಂದು ನಿಮಿಷ ನೋಡೋಣ, ನಾನೇ ಬಿಡಿಸ್ಕೋತೀನಿ ಅಂತ ಅನ್ಕೋತಿದ್ದೆ, ಬೇಡ ಅಂದಿದ್ದ ಹುಡುಗರನ್ನೇ ಕರೀಬೇಕಲ್ಲ ಅನ್ನೋ ನಾಚಿಕೆ. ಬೆರಳು ಮರಗಟ್ಟಿ ಹಿಡಿತ ತಪ್ತಾ ಬಂದಾಗ ಊದಿದೆ.

ಇಲ್ಲಿ ನಿಮಗೆ ಹೇಳಬೇಕಾದ ವಿಷಯ ಇರೋದು. ಬೇಡ ಅಂದಿದ್ರೂ ಆ ಹುಡುಗರು ಹೋಗಿರಲಿಲ್ಲ. ತಿರುವಿನ ಕೆಳಗೆ ಒಂದು ಬಂಡೆ ಹಿಂದೆ ನಿಂತ ನೀರಲ್ಲಿ ಕಾಯ್ತಾ ಇದ್ರು, ನಾನು ಕಾಣಿಸಿದ ಮೇಲೆ ಹೋಗೋಣ ಅಂತ. ಸೀಟಿ ಕೇಳಿದ ತಕ್ಷಣ ಒಬ್ಬ ದಡ ಹತ್ತಿ ಓಡಿ ಬಂದು ಹಗ್ಗ ಎಸೆದ, ಇನ್ನೊಬ್ಬ ಕೆಳಗೇ ಉಳಿದ, ಹಗ್ಗ ತಪ್ಪಿದ್ರೆ ನನ್ನ ಹಿಡಿಯೋಕೆ. ಅಷ್ಟರಲ್ಲಿ ತೆಪ್ಪದ ಅಜ್ಜಾನೂ ದಡದ ಪಕ್ಕದಲ್ಲೇ ಬಂದು ಮುಟ್ಟಿದ್ರು. ಕಾಲು ಬಿಡಿಸ್ಕೊಂಡು ಮರದ ಮೇಲೆ ಹತ್ತೋಕೆ ಧೈರ್ಯ ಬಂದಿದ್ದೇ ಕೈಗೆ ಹಗ್ಗ ಸಿಕ್ಕ ಮೇಲೆ. ಎರಡು ದಿನ ಬಿಟ್ಟು ನೀರು ಇಳಿದಾಗ ಮತ್ತೆ ಅವರೇ ಬಂದು, ದಾರೀಲಿ ಹೋಗ್ತಿದ್ದ ಪಿಕಪ್ ನಿಲ್ಲಿಸಿ, ದೋಣಿ ಎಳೆದು ಹಾಕಿ ಕಳಿಸಿದ್ರು. ದುಡ್ಡು ಅಂದ್ರೆ ಯಾರೂ ಕೈ ಚಾಚಲಿಲ್ಲ. ಅಜ್ಜ ಅಂದಿದ್ದು ಒಂದೇ ಮಾತು, ‘ಮರ ಇದೆ ಅಂದಿದ್ನಲ್ಲ ಸಾರ್.’

ಆಮೇಲೆ ಗೊತ್ತಾಯ್ತು ಆ ಹುಡುಗರು ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಗೈಡ್ ಆಗಿ ಕೆಲಸ ಮಾಡೋರು ಅಂತ. ಅಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ನೀರು ಜೋರು, ಮುಂದೆ ಇಳಿದವರು ಕೆಳಗೆ ನಿಂತು ಹಿಂದಿನವರು ದಾಟೋ ತನಕ ಕಾಯೋದು ಅವರಿಗೆ ಅಭ್ಯಾಸ. ಹುಟ್ಟು ನೇರ ಮೇಲಕ್ಕೆ ಎತ್ತಿ ಹಿಡಿದ್ರೆ ಬನ್ನಿ ಅಂತ, ಅಡ್ಡ ಹಿಡಿದ್ರೆ ನಿಲ್ಲಿ ಅಂತ, ಮೂರು ಸಲ ಉದ್ದಕ್ಕೆ ಸೀಟಿ ಊದಿದ್ರೆ ಅಪಾಯ ಅಂತ. ಇದನ್ನೆಲ್ಲ ಅವರೇ ನನಗೆ ಭಾನುವಾರ ಭಾನುವಾರ ಕರ್ಕೊಂಡು ಹೋಗಿ ಹೇಳಿಕೊಟ್ಟಿದ್ದು.

ಸಹಾಯ ಮಾಡೋದು ಹೇಗೋ ಹಾಗೇ ಸಹಾಯ ತಗೊಳ್ಳೋದನ್ನೂ ಕಲೀಬೇಕು, ಇದನ್ನ ಯಾರೂ ಹೇಳಲ್ಲ ಅದಕ್ಕೆ ಹೇಳ್ತೀನಿ. ನೀರಿಗೆ ಬಿದ್ರೆ ಹರಿಯೋ ನೀರಲ್ಲಿ ಎದ್ದು ನಿಲ್ಲೋಕೆ ಹೋಗ್ಬೇಡಿ, ಕಾಲು ಬಂಡೆ ಸಂದಿಗೆ ಸಿಕ್ಕಿದ್ರೆ ಸೆಳವು ಮುಖ ಅಡಿಯಾಗಿ ಮಲಗಿಸಿಬಿಡುತ್ತೆ, ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲಿ. ಎದುರಿಗೆ ಮರ ಬಂದ್ರೆ ಮಾತ್ರ ತಿರುಗಿ ಅದರ ಕಡೆಗೇ ಜೋರಾಗಿ ಈಜಿ ಮೇಲೆ ಹತ್ತಬೇಕು, ಕಾಲು ಒಳಗೆ ಹೋಗ್ಬಾರ್ದು. ಹಗ್ಗ ಬಂದ್ರೆ ಭುಜದ ಮೇಲೆ ಹಾಕ್ಕೊಂಡು ಎರಡೂ ಕೈಯಲ್ಲಿ ಎದೆ ಹತ್ರ ಹಿಡೀರಿ, ಕೈಗೆ ಮಾತ್ರ ಸುತ್ಕೋಬೇಡಿ. ಇನ್ನೊಬ್ಬರ ಕಯಾಕ್ ಬಂದ್ರೆ ಅದರ ಮೇಲೆ ಹತ್ತೋಕೆ ಹೋಗ್ಬೇಡಿ, ಅವರೂ ಮಗುಚ್ತಾರೆ, ತುದಿ ಹಿಡ್ಕೊಂಡು ಅವರು ಹೇಳಿದ್ದು ಕೇಳಿ.

ಇನ್ನು ದಿನದಿನದ ಸಣ್ಣ ಸಹಾಯಗಳಿಗಂತೂ ಲೆಕ್ಕವೇ ಇಲ್ಲ. ಹೊಳೆ ಒಂದೇ ಕಡೆ ಹರಿಯುತ್ತೆ, ಕಾರು ಮೇಲೆ ಇರುತ್ತೆ ನಾವು ಕೆಳಗೆ ಬಂದಿರ್ತೀವಿ, ಒದ್ದೆ ಬಟ್ಟೆಯವರನ್ನ ಸೀಟಲ್ಲಿ ಕೂರಿಸ್ಕೊಂಡು ವಾಪಸ್ ಬಿಟ್ಟು ಹೋದ ಜೀಪಿನವರು ಎಷ್ಟು ಜನ ಅಂತ ನೆನಪಿಲ್ಲ. ಒಂದ್ಸಲ ನೀರು ಹೊರಹಾಕೋ ತೂತಿನ ಬಿರಡೆ ಮನೇಲೇ ಬಿಟ್ಟು ಬಂದಿದ್ದೆ, ಅದು ಇಲ್ದಿದ್ರೆ ದೋಣಿ ಹೊಟ್ಟೆಗೆ ನಿಧಾನಕ್ಕೆ ನೀರು ತುಂಬುತ್ತೆ, ಪರಿಚಯವೇ ಇಲ್ಲದ ಮೈಸೂರಿನ ದಂಪತಿ ತಮ್ಮ ಹತ್ರ ಇದ್ದ ಇನ್ನೊಂದು ಬಿರಡೆ ಕೊಟ್ಟು ಹೋದ್ರು. ದುಬಾರೆ ಕಡೆ ಕಾಡಿನ ಪಕ್ಕ ಸಂಜೆ ಹೊತ್ತು ಆನೆ ನೀರಿಗೆ ಇಳಿದಿದ್ರೆ ಎದುರು ದಡದ ತೋಟದವರು ಕೂಗಿ ನಿಲ್ಲಿಸ್ತಾರೆ, ಯಾರಾದ್ರೂ ದಡದಿಂದ ಕೈ ಬೀಸಿದ್ರೆ ಸುಮ್ನೆ ನಗಾಡಿ ಹೋಗ್ಬೇಡಿ, ನಿಂತು ಏನು ಅಂತ ಕೇಳಿ.

2018ರ ಆಗಸ್ಟ್‌ನಲ್ಲಿ ಹೊಳೆ ನಮ್ಮ ಬಡಾವಣೆಗೇ ನುಗ್ಗಿದಾಗಲೂ ಮೊದಲು ಬಾಗಿಲಿಗೆ ಬಂದಿದ್ದು ಇಂಥ ಹುಡುಗರೇ, ಬೇರೆ ದಿನ ಪ್ರವಾಸಿಗರನ್ನ ಕೂರಿಸೋ ರ‍್ಯಾಫ್ಟಲ್ಲಿ ನನ್ನ ಅಮ್ಮನನ್ನ ಕೂರಿಸ್ಕೊಂಡು ಹೋದ್ರು. ಅದನ್ನ ನೆನೆಸ್ಕೊಂಡ್ರೆ ಈಗಲೂ ಗಂಟಲು ಕಟ್ಟುತ್ತೆ.

ನೀವು ಸಿದ್ದಾಪುರದಿಂದ ಕುಶಾಲನಗರದ ತನಕ ಓಡಿಸೋದಾದ್ರೆ ಮೇಲಿನ ಮಳೆ ವಿಚಾರಿಸಿ ಹೊರಡಿ. ಕೂಡಿಗೆ ದಾಟಿ ಕಣಿವೆ ತೂಗುಸೇತುವೆ ಕಡೆ ಹೋಗೋದಾದ್ರೆ ಹಾರಂಗಿ ಜಲಾಶಯದ ಮಟ್ಟಾನೂ ನೋಡಬೇಕು, ಯಾಕಂದ್ರೆ ಕೂಡಿಗೆಯಲ್ಲೇ ಹಾರಂಗಿ ಹೊಳೆ ಬಂದು ಕಾವೇರಿಗೆ ಸೇರೋದು. ಜಲಾಶಯದ ಪೂರ್ಣ ಮಟ್ಟ 2859 ಅಡಿ, ಅದರ ಹತ್ರ ಬಂದಾಗ ಯಾವಾಗ ಬೇಕಾದ್ರೂ ನೀರು ಬಿಡ್ತಾರೆ. ಪೇಪರಲ್ಲಿ ಹೊರಹರಿವು 10,000 ಕ್ಯೂಸೆಕ್ ಅಂತ ಇದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 2.8 ಲಕ್ಷ ಲೀಟರ್ ಅಂತ ಅರ್ಥ, ಅಂಥ ದಿನ ಇಳೀಲೇಬೇಡಿ, ನಿಮ್ಮನ್ನ ಎತ್ತೋಕೆ ಬರೋರ ಜೀವಾನೂ ಇದೆಯಲ್ಲ.

ತೇಲೋ ಹಗ್ಗದ ಚೀಲ ಒಂದು ತಗೊಳ್ಳಿ, 15ರಿಂದ 20 ಮೀಟರ್‌ದು ಸಾಕು, ಮನೆ ಅಂಗಳದಲ್ಲಿ ಎಸೆದು ಎಸೆದು ಅಭ್ಯಾಸ ಮಾಡಿ. ಅದು ನಿಮಗಲ್ಲ, ಎದುರಿಗೆ ಸಿಗೋರಿಗೆ. ಮೊದಲನೇ ದಿನ ಹೊರಡೋ ಮುಂಚೆ ದಡದಲ್ಲಿ ತೆಪ್ಪದವರು ಯಾರಾದ್ರೂ ಕಂಡ್ರೆ ನಿಂತು ಮಾತಾಡಿಸಿ, ಎಲ್ಲಿಗೆ ಹೋಗ್ತೀರಿ ಎಷ್ಟು ಹೊತ್ತಿಗೆ ಮುಟ್ತೀರಿ ಅಂತ ಹೇಳಿ, ಈ ವರ್ಷ ಎಲ್ಲೆಲ್ಲಿ ಮರ ಬಿದ್ದಿದೆ ಅಂತ ಕೇಳಿ. ಪ್ರತಿ ಮಳೆಗಾಲದಲ್ಲೂ ಬೇರೆ ಬೇರೆ ಕಡೆ ಬೀಳುತ್ತೆ, ಅವರಿಗೆ ಎಲ್ಲಾ ಗೊತ್ತಿರುತ್ತೆ.