ಕಿಟ್ವೆಯೋ ಗ್ಯಾಬೊರೋನೋ: ಆ ಸವಕಳಿ ಲೆಕ್ಕ ನಂಬಿ ಹೊರಡಬೇಡಿ

ಗಣಿ ಯಂತ್ರಗಳ ನಿಮ್ಮ ಕಂಪನಿ ಜಾಂಬಿಯಾದ ಕಿಟ್ವೆ, ಬೋಟ್ಸ್ವಾನಾದ ಗ್ಯಾಬೊರೋನ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂದಿದೆ. ನೀವು ವಿಶ್ವಬ್ಯಾಂಕಿನ ಪಟ್ಟಿ ನೋಡಿದ್ದೀರಿ. ಖನಿಜ ಸವಕಳಿಯ ಬೆಲೆ, ಅಂದರೆ ಒಂದು ವರ್ಷದಲ್ಲಿ ಅಗೆದು ಖಾಲಿ ಮಾಡಿದ ಖನಿಜದ ಬೆಲೆ, ಜಾಂಬಿಯಾದಲ್ಲಿ ಜಾಸ್ತಿ, ಬೋಟ್ಸ್ವಾನಾದಲ್ಲಿ ತೀರಾ ಕಮ್ಮಿ. ಹಾಗಾದರೆ ಬೋಟ್ಸ್ವಾನಾ ಗಣಿಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ, ಸಂಸಾರ ಸಮೇತ ಬರೋಕೆ ಅದೇ ಭದ್ರ, ಅಲ್ವಾ ಎಂದು ಕೇಳಿದ್ದೀರಿ.

ಆ ಪಟ್ಟಿಯಲ್ಲಿ ವಜ್ರವೇ ಇಲ್ಲ! ತಾಮ್ರ, ಚಿನ್ನ, ಕಬ್ಬಿಣ, ಸತು, ಸೀಸ, ತವರ, ನಿಕ್ಕಲ್, ಬೆಳ್ಳಿ, ಬಾಕ್ಸೈಟ್, ಫಾಸ್ಫೇಟ್, ಇಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ನಿಕ್ಷೇಪದ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸುತ್ತಾರೆ. 25 ವರ್ಷಕ್ಕಿಂತ ಆಚೆಗೆ ಹೋಗುವುದಿಲ್ಲ. ಜಾಂಬಿಯಾದ ತಾಮ್ರ ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ರಫ್ತಿನ ಬಹುಪಾಲು ವಜ್ರವೇ ಆಗಿರುವ ಬೋಟ್ಸ್ವಾನಾದಲ್ಲಿ ಈ ಲೆಕ್ಕಕ್ಕೆ ಸಿಗುವುದು ಮುಖ್ಯವಾಗಿ ತಾಮ್ರ, ನಿಕ್ಕಲ್. ಇನ್ನೊಂದು ತಮಾಷೆ ನೋಡಿ. 2016ರಲ್ಲಿ ಬೋಟ್ಸ್ವಾನಾದ ಸೆಲೆಬಿ-ಫಿಕ್ವೆಯ ತಾಮ್ರ-ನಿಕ್ಕಲ್ ಗಣಿ ಮುಚ್ಚಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಸವಕಳಿ ಲೆಕ್ಕದಲ್ಲಿ ಅದು ಇಳಿಕೆ, ಅಂದರೆ ಒಳ್ಳೆಯ ಸುದ್ದಿ! ನೀವು ಸಂಡೂರಿನ ಕಡೆಯವರು, 2011ರಲ್ಲಿ ಗಣಿ ನಿಂತಾಗ ಊರು ಹೇಗಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಸವಕಳಿ ಎಷ್ಟು ಅನ್ನುವುದಕ್ಕಿಂತ ಆ ದುಡ್ಡು ಏನಾಯಿತು ಅನ್ನುವುದನ್ನು ನಾನು ನೋಡುತ್ತೇನೆ. ಹೊಲ ಮಾರಿದ ದುಡ್ಡಲ್ಲಿ ಮದುವೆ ಮಾಡಿದವರೂ ಇದ್ದಾರೆ, ಬಾವಿ ತೋಡಿಸಿದವರೂ ಇದ್ದಾರೆ. ಬೋಟ್ಸ್ವಾನಾ ಸ್ವತಂತ್ರವಾದದ್ದು 1966ರಲ್ಲಿ. ಮರುವರ್ಷವೇ ಒರಾಪಾದಲ್ಲಿ ವಜ್ರ ಸಿಕ್ಕಿತು. ಜ್ವಾನೆಂಗ್ ವಜ್ರದ ಗಣಿ ಶುರುವಾದದ್ದು 1982ರಲ್ಲಿ. ಈ ಗಣಿಗಳನ್ನು ನಡೆಸುವ ಡೆಬ್ಸ್ವಾನಾ ಕಂಪನಿಯಲ್ಲಿ ವಜ್ರದ ದೊಡ್ಡ ಕಂಪನಿ ಡಿ ಬಿಯರ್ಸ್‌ಗೆ ಅರ್ಧ, ಸರ್ಕಾರಕ್ಕೆ ಅರ್ಧ. ತೆರಿಗೆ, ರಾಯಧನ ಸೇರಿದರೆ ಲಾಭದಲ್ಲಿ ಸುಮಾರು 80% ಸರ್ಕಾರಕ್ಕೇ ಹೋಗುತ್ತದೆ. ರಸ್ತೆ, ಶಾಲೆ, ಆಸ್ಪತ್ರೆ ಬಂದವು. ಮಿಕ್ಕಿದ್ದನ್ನು ಪುಲಾ ಫಂಡ್ ಅನ್ನುವ ದೇಶದ ಉಳಿತಾಯ ನಿಧಿಯಲ್ಲಿ ಇಟ್ಟರು.

ಜಾಂಬಿಯಾದ ಕಥೆಯಲ್ಲಿ ಬರೀ ದುಂದು ಇಲ್ಲ, ಕೆಟ್ಟ ಕಾಲವೂ ಸೇರಿದೆ. 1969ರಲ್ಲಿ 7 ಲಕ್ಷ ಟನ್ ದಾಟಿದ್ದ ವರ್ಷದ ತಾಮ್ರದ ಉತ್ಪಾದನೆ 2000ದ ಹೊತ್ತಿಗೆ ಸುಮಾರು ಎರಡೂವರೆ ಲಕ್ಷಕ್ಕೆ ಇಳಿದಿತ್ತು. 1975ರಲ್ಲಿ ಬೆಲೆ ಬಿತ್ತು, ಸಾಲ ಏರಿತು. ಬೆಲೆ ನೆಲ ಕಚ್ಚಿದ್ದಾಗಲೇ ಗಣಿಗಳನ್ನು ಖಾಸಗಿಯವರಿಗೆ ಕೊಟ್ಟರು. ಕೆಲವರಿಗೆ ರಾಯಧನ ಬರೀ 0.6%. ಆಮೇಲೆ ತಾಮ್ರದ ಬೆಲೆ ಏರಿದಾಗ ಖಜಾನೆಗೆ ಬಂದದ್ದು ಅಷ್ಟಕ್ಕಷ್ಟೇ. 2020ರಲ್ಲಿ ದೇಶ ಸಾಲದ ಕಂತು ಕಟ್ಟದೆ ನಿಂತಿತು.

ಇಷ್ಟು ಕೇಳಿ ಗ್ಯಾಬೊರೋನ್ ಅಂತ ತೀರ್ಮಾನಿಸಬೇಡಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಬಂದ ಮೇಲೆ ಇಲ್ಲಿ ಬೋಟ್ಸ್ವಾನಾದ ಲೆಕ್ಕವೇ ಬುಡಮೇಲಾಗಿದೆ. ನೆಲದಡಿ ವಜ್ರ ಇದ್ದರೂ ಕೊಳ್ಳುವವರು ಕಮ್ಮಿ. 2024ರಲ್ಲಿ ಆರ್ಥಿಕತೆ ಕುಗ್ಗಿತು, ಪುಲಾ ಫಂಡ್ ಕರಗಿತು. ಸ್ವಾತಂತ್ರ್ಯ ಬಂದಾಗಿನಿಂದ ಆಳಿದ ಪಕ್ಷ ಅದೇ ವರ್ಷ ಸೋತಿತು. ಅತ್ತ ತಾಮ್ರ ಎಲ್ಲರಿಗೂ ಬೇಕು. ವೈರು, ಮೋಟಾರು, ವಿದ್ಯುತ್ ಕಾರು ಎಲ್ಲಕ್ಕೂ. ಜಾಂಬಿಯಾ 2031ಕ್ಕೆ ವರ್ಷಕ್ಕೆ 30 ಲಕ್ಷ ಟನ್ ಗುರಿ ಇಟ್ಟುಕೊಂಡಿದೆ. ಅಷ್ಟಾಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಆದರೆ ನಿಮ್ಮ ಯಂತ್ರಗಳಿಗೆ ಕೆಲಸ ಅಲ್ಲೇ ಜಾಸ್ತಿ.

ಬದುಕಿನ ಮಾತು ಬೇರೆ. ಮಕ್ಕಳ ಓದು, ರಸ್ತೆ, ಕಚೇರಿ ಕೆಲಸ ಇವೆಲ್ಲ ಇಲ್ಲಿ ಗ್ಯಾಬೊರೋನ್‌ನಲ್ಲಿ ಸಲೀಸು. ಸಾಮಾನಿಗೆ ಜೋಹಾನ್ಸ್‌ಬರ್ಗ್ ಕಾರಿನಲ್ಲಿ ಅರ್ಧ ದಿನದ ದಾರಿ. ಜಾಂಬಿಯಾದಲ್ಲಿ 2024ರ ಬರಕ್ಕೆ ವಿದ್ಯುತ್ ಕೊಡುವ ಕರೀಬಾ ಜಲಾಶಯದ ನೀರು ಇಳಿದು ಕರೆಂಟು ದಿನದ ಬಹುಪಾಲು ಇರುತ್ತಿರಲಿಲ್ಲ. ಕಿಟ್ವೆಗೆ ಹೋಗುವುದಾದರೆ ಮನೆಗೆ ಸೋಲಾರ್ ಯಾರು ಹಾಕಿಸುತ್ತಾರೆ, ಸಂಬಳ ಯಾವ ಕರೆನ್ಸಿಗೆ ಕಟ್ಟಿದ್ದಾರೆ, ನೀವು ಸರ್ವಿಸ್ ಕೊಡುವ ಗಣಿಯಲ್ಲಿ ಇನ್ನೆಷ್ಟು ವರ್ಷದ ಅದಿರು ಇದೆ, ಈ ಮೂರನ್ನು ಬರವಣಿಗೆಯಲ್ಲಿ ಕೇಳಿ. ಉತ್ತರ ಸರಿ ಬಂದರೆ ಎರಡು ವರ್ಷ ಒಬ್ಬರೇ ಹೋಗಿ, ಸಂಸಾರ ಆಮೇಲೆ ಕರೆಸಿಕೊಳ್ಳಿ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.